ಪ್ರೌಢ ವಿದ್ಯಾರ್ಥಿಗಳಿಗಾಗಿ ನಮ್ಮ ಭಾವ

ನಮ್ಮ ಭಾವನವರನ್ನು ಯಾರಾದರೂ ಊಟಕ್ಕೆ ಕರೆಯುವುದಾದರೆ ಒಂದು ಗಂಟೆ ಮೊದಲೇ ಕರೆಯಬೇಕು. ಅವರು ನಿಧಾನಸ್ಥರು ಎಂದಲ್ಲ, ಹಸಿವಿಲ್ಲದವರು ಎಂದಂತೂ ಖಂಡಿತ ಅಲ್ಲ. 'ಊಟಕ್ಕೆ ಬನ್ನಿ' ಎಂಬ ಮಾತನ್ನು ಬಿಚ್ಚಿ, ಒದರಿ, ಮತ್ತೆ ಮಡಿಸಿಟ್ಟು ಏಳುವುದಕ್ಕೆ ಅವರಿಗೆ ಅಷ್ಟು ಹೊತ್ತು ಬೇಕು!

"ನೋಡಯ್ಯ, ನಿಮ್ಮಕ್ಕ ಅಡುಗೆಮನೆಯಿಂದ 'ಬನ್ನಿ' ಅಂದ್ಲು. ನಾನು ಇಲ್ಲಿಂದ ಏನಂದೆ? 'ಬಂದೆ' ಅಂದೆ. ಇಲ್ಲಿಂದ ಅಲ್ಲಿಗೆ ಹೊರಟೋನು 'ಹೋಗ್ತೀನಿ' ಅನ್ಬೇಕಲ್ವಾ? ಮೇಲಾಗಿ ನಾನಿನ್ನೂ ಎದ್ದೇ ಇಲ್ಲ, ಆಗ್ಲೇ 'ಬಂದೆ'! ಅಂದ್ರೆ ಏನಾಯ್ತು? ಇಲ್ಲೇ ಕೂತ್ಕೊಂಡು ಅವಳ ಕಣ್ಣಿಂದ ನನ್ನನ್ನೇ ನೋಡ್ಕೊಂಡೆ. ಅರ್ಥ ಆಯ್ತಾ?"

"ಅರ್ಥ ಆಯ್ತು ಭಾವ. ಮುದ್ದೆ ಆರ್ತಾ ಇದೆ, ಏಳಿ."

"ಆಹಾ, ಆರ್ತಾ ಇದೆ! ದೀಪಾನೂ ಆರುತ್ತೆ, ಮುದ್ದೆನೂ ಆರುತ್ತೆ, ಒದ್ದೆ ಬಟ್ಟೇನೂ ಆರುತ್ತೆ. ಮೂರಕ್ಕೂ ಒಂದೇ ಪದ ಯಾಕಯ್ಯ?"

ಯಾಕೆಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆರಿದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಮಾತ್ರ ಬಹಳ ಚೆನ್ನಾಗಿ ಗೊತ್ತು!

ಭಾವ ಎಂದರೆ ನನ್ನ ಅಕ್ಕನ ಗಂಡ. ತುರುವೇಕೆರೆ ಕಡೆಯ ಹಳ್ಳಿಯವರು, ತಿಪಟೂರಿನ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕರು. ಮದುವೆ ಮಾತುಕತೆಯ ದಿನ ಅವರು ಬಾಯೇ ಬಿಟ್ಟಿರಲಿಲ್ಲ. 'ಹುಡುಗ ಬಲು ಸೌಮ್ಯ, ಮಾತೇ ಕಮ್ಮಿ' ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಆವತ್ತು ಹುಡುಗನಿಗೆ ವಿಪರೀತ ಹಲ್ಲುನೋವಿತ್ತು ಎಂಬ ಸಂಗತಿ ನಮಗೆ ತಿಳಿಯುವ ಹೊತ್ತಿಗೆ ಧಾರೆ ಎರೆದು ಆಗಿತ್ತು!

ಅಕ್ಕ ಭಾವ ಮೊದಲು ಕಾಲೇಜಿನ ಹತ್ತಿರ ಬಾಡಿಗೆ ಮನೆಯಲ್ಲಿದ್ದರು. ಒಂದು ದಿನ ಮನೆಯ ಮಾಲೀಕರು ಬಂದು, "ಮಗನ ಮದುವೆ ಇಟ್ಕೊಂಡಿದೀವಿ, ಮನೆ ಖಾಲಿ ಮಾಡಿಕೊಡಿ ಮೇಷ್ಟ್ರೇ" ಎಂದರಂತೆ. ಭಾವನವರಿಗೆ ಹಬ್ಬ! ಮನೆಯನ್ನು ಖಾಲಿ ಮಾಡುವುದು ಎಂದರೆ ಮನೆ ಒಂದು ಡಬ್ಬಿ, ಸಂಸಾರಸ್ಥರು ಅದರೊಳಗಿನ ಕಾಳು ಎಂದು ಶುರುವಾದ ವಿವರಣೆ ಎರಡು ದಿನ ನಡೆಯಿತು. ಮೂರನೆಯ ದಿನ ಮಾಲೀಕರೇ ಎತ್ತಿನ ಗಾಡಿ ಹೂಡಿಸಿಕೊಂಡು ಬಂದು, ಪಾತ್ರೆ ಪಗಡೆ, ಪುಸ್ತಕ, ಅಕ್ಕ, ಭಾವ ಎಲ್ಲವನ್ನೂ ನಮ್ಮ ಮನೆಯ ಅಂಗಳದಲ್ಲಿ ಇಳಿಸಿ, ತಿರುಗಿ ನೋಡದೆ ಹೋದರು.

ಹಾಗೆ ಬಂದವರು ನಮ್ಮಲ್ಲೇ ಉಳಿದರು. ತಿಪಟೂರಿನ ಅಂಚಿನಲ್ಲಿ ನಮ್ಮ ಮನೆ. ಹಿಂದೆ ತೆಂಗಿನ ತೋಟ, ಪಕ್ಕದಲ್ಲಿ ಕಾಯಿ ತುಂಬಿಡುವ ಅಟ್ಟ, ಮುಂದೆ ಕೊಬ್ಬರಿ ಹರವುವ ದೊಡ್ಡ ಅಂಗಳ. ಅಪ್ಪ ಕೊಬ್ಬರಿ ವ್ಯಾಪಾರಸ್ಥರು, ನಾನು ಅವರ ಜೊತೆಗಿದ್ದೆ. ಅಪ್ಪನದು ಎರಡು ಪದದಲ್ಲಿ ಮುಗಿಯುವುದನ್ನು ಒಂದರಲ್ಲಿ ಮುಗಿಸುವ ಸ್ವಭಾವ. ಅಂಥವರ ಮನೆಗೆ ಇಂಥ ಅಳಿಯ!

ಈಗ ಭಾವನವರ ರೋಗಕ್ಕೆ ಹೆಸರು ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿದ್ದ ಅವರ ಗೆಳೆಯರೊಬ್ಬರು ಒಂದು ಕಂತೆ ಟೈಪು ಮಾಡಿದ ಹಾಳೆಗಳನ್ನು ಅಂಚೆಯಲ್ಲಿ ಕಳಿಸಿದರು. ಅದರಲ್ಲಿ ಇದ್ದ ವಿಚಾರ, ನನಗೆ ತಿಳಿದಷ್ಟು ಹೇಳುವುದಾದರೆ, ಇಷ್ಟು: ಮಾತು ಎಂಬುದು ಬರೀ ವ್ಯಾಕರಣದ ಸೂತ್ರವಲ್ಲ. ನಮ್ಮ ಕೈಕಾಲು, ಕಣ್ಣು, ಹೊಟ್ಟೆ ಪ್ರಪಂಚವನ್ನು ಹೇಗೆ ಮುಟ್ಟುತ್ತವೋ ಮನಸ್ಸು ಹಾಗೆ ಯೋಚಿಸುತ್ತದೆ. ಮನಸ್ಸು ಯೋಚಿಸಿದ ಹಾಗೆ ಮಾತು ಬರುತ್ತದೆ. ಮಾತಿನ ಜಾಡು ಹಿಡಿದು ಹೋದರೆ ಮನಸ್ಸು ಸಿಗುತ್ತದೆ. ಭಾವ ಇದಕ್ಕೆ 'ಅರಿವಿನ ಭಾಷಾವಿಜ್ಞಾನ' ಎಂದು ತಾವೇ ಹೆಸರು ಕಟ್ಟಿದರು. ಕಟ್ಟಿದವರು ಸುಮ್ಮನಿದ್ದರೇ? 'ಅರಿವಿನ ಭಾಷಾವಿಜ್ಞಾನ: ಪ್ರೌಢ ವಿದ್ಯಾರ್ಥಿಗಳಿಗೆ ಒಂದು ಪ್ರವೇಶಿಕೆ' ಎಂಬ ಪುಸ್ತಕ ಬರೆಯಲು ಕೂತರು. ಪ್ರೌಢ ವಿದ್ಯಾರ್ಥಿಗಳು ಎಲ್ಲಿದ್ದರೋ ಕಾಣೆ, ಪ್ರವೇಶ ಮಾತ್ರ ನಮ್ಮೆಲ್ಲರಿಗೂ ಕಡ್ಡಾಯವಾಯಿತು.

ಒಮ್ಮೆ ತುರುವೇಕೆರೆಯಿಂದ ಅವರ ಜೊತೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದೆ ಅರಸೀಕೆರೆಗೆ ಹೋಗುವ ಬಸ್ಸು. ನಮ್ಮೂರು ಹತ್ತಿರವಾಗುತ್ತಿದ್ದಂತೆ ಕಂಡಕ್ಟರು ಕೂಗಿದ: "ತಿಪ್ಟೂರು ಬಂತು, ಇಳ್ಯೋರು ಇಳೀರಿ!"

ಭಾವ ಕೈ ಎತ್ತಿದರು. "ಕಂಡಕ್ಟರ್ರೇ, ತಿಪಟೂರು ಬಂತೋ, ನಾವು ಬಂದ್ವೋ?"

"ಎಲ್ಡೂ ಒಂದೇಯ ಸಾ, ಇಳೀರಿ."

"ಒಂದೇ ಹೇಗಾಗುತ್ತೆ? ತಿಪಟೂರು ಎಲ್ಲಿಂದ ಬಂತು? ಅದಕ್ಕೆ ಕಾಲಿದ್ಯಾ? ಬಸ್ಸಲ್ಲಿ ಕೂತೋನು ಕದಲದೆ ಕೂತಿರ್ತಾನೆ. ಹಾಗಾಗಿ ಅವನ ಮನಸ್ಸಿಗೆ ತಾನೇ ಸ್ಥಿರ, ಊರೇ ನಡ್ಕೊಂಡು ಬರೋದು. ನೋಡಿ, 'ಹಬ್ಬ ಬಂತು' ಅನ್ನೋದೂ ಹೀಗೇನೇ..."

"ಭಾವ, ಇಳಿಯೋಣ."

"ಇರಯ್ಯ, ಹಬ್ಬದ ವಿಷಯ ಮುಗಿಸ್ಬಿಡ್ತೀನಿ."

ಕಂಡಕ್ಟರು ಪಾಪ, ಒಳ್ಳೆಯವನು. ಬಾಯಿ ತೆರೆದುಕೊಂಡು ಕೇಳುತ್ತಾ ನಿಂತ. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು, ಡ್ರೈವರು ಬಸ್ಸು ಬಿಟ್ಟ. ಹಬ್ಬ ಮುಗಿದು, ಮುಪ್ಪು ಬಂದು, ಸಾವು ಬರುವ ಹೊತ್ತಿಗೆ ಕಿಟಕಿಯಲ್ಲಿ ದೊಡ್ಡದೊಂದು ರೈಲು ನಿಲ್ದಾಣ ಕಂಡಿತು.

"ಭಾವ," ಎಂದೆ ಹಲ್ಲು ಕಚ್ಚಿಕೊಂಡು, "ಅರಸೀಕೆರೆ ಬಂತು."

"ನೋಡಿದ್ಯಾ!" ಎಂದು ಅವರು ನನ್ನ ಬೆನ್ನು ತಟ್ಟಿದರು. "ನೀನೂ ಹಾಗೇ ಅಂದೆ!"

ಹೊರಗಿನವರಾದ ನಮ್ಮ ಪಾಡೇ ಇದಾದರೆ ಅಕ್ಕನ ಪಾಡೇನು? ಅಕ್ಕನ ಸಿಟ್ಟು ಭಾವನವರ ಪುಸ್ತಕದ ಮೂರನೆಯ ಅಧ್ಯಾಯ ಎಂದರೆ ಸಾಕಲ್ಲವೇ? ಅವಳು ಬಯ್ಯಲು ಶುರುಮಾಡಿದರೆ ಇವರು ಪೆನ್ನಿನ ಕ್ಯಾಪು ತೆಗೆಯುತ್ತಿದ್ದರು.

"ರೀ, ಒಂದು ಕಟ್ಟು ಸೊಪ್ಪು ತನ್ನಿ ಅಂತ ಕಳಿಸಿದ್ರೆ ಎರಡು ಗಂಟೆ ಬಿಟ್ಟು ಬರಿಗೈಲಿ ಬಂದಿದೀರಲ್ಲಾ! ನಿಮ್ಮನ್ನ ನೋಡ್ತಿದ್ರೆ ಮೈಯೆಲ್ಲಾ ಉರೀತದೆ!"

"ಇನ್ನೊಂದ್ಸಲ ಹೇಳು. 'ಉರೀತದೆ' ಅಂದ್ಯಾ, 'ಉರ್ಕೊಂಡು ಹೋಗ್ತದೆ' ಅಂದ್ಯಾ?"

"ಅಯ್ಯೋ ಶಿವನೇ, ರಕ್ತ ಕುದೀತದೆ ಕಣ್ರೀ ನಂಗೆ!"

"ಮೊದಲು ಉರಿ, ಆಮೇಲೆ ಕುದಿ. ಸರಿಯಾಗಿದೆ. ಸಿಟ್ಟು ಬಂದೋರ ಮೈ ನಿಜವಾಗ್ಲೂ ಬಿಸಿ ಆಗುತ್ತೆ, ಅದನ್ನೇ ಮಾತು ಹಿಡ್ಕೊಂಡಿದೆ. ಕೆಳಗೆ ಉರಿ ಹಾಕಿದ್ರೆ ತಾನೇ ಮೇಲೆ ಕುದಿಯೋದು? ಇನ್ನು ಮುಂದೆ ಉಕ್ಕಬೇಕು. ಉಕ್ಕುತ್ತಾ?"

ಉಕ್ಕಿತು! ಅಕ್ಕನ ಕೈಯಲ್ಲಿದ್ದ ಚೊಂಬಿನ ನೀರು ಪೂರಾ ಮೂರನೆಯ ಅಧ್ಯಾಯದ ಮೇಲೆ ಉಕ್ಕಿತು. ಭಾವ ಆ ಹಾಳೆಗಳನ್ನು ಅಂಗಳದಲ್ಲಿ ಕೊಬ್ಬರಿಯ ಪಕ್ಕದಲ್ಲಿ ಒಣಹಾಕಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕೊಬ್ಬರಿ ಉಂಡೆ ಇಟ್ಟರು. ಸಂಜೆ ಅಪ್ಪ ಆ ಉಂಡೆಗಳನ್ನು ಬಾಚಿಸಿ ಚೀಲಕ್ಕೆ ತುಂಬಿಸಿದರು. ಹಾಳೆಗಳು ತೋಟದ ಪಾಲಾದವು. ಅಲ್ಲಿಂದಾಚೆ ಭಾವ ಸುಮಾರು ಒಂದು ತಿಂಗಳು ಅಕ್ಕನಿಗೆ ಮತ್ತೆ ಸಿಟ್ಟು ಬರಿಸುವುದರಲ್ಲೇ ಕಳೆದರು. ಅಧ್ಯಾಯ ಮತ್ತೆ ಬರೆಯಬೇಕಿತ್ತಲ್ಲ!

ಅಪ್ಪ ಇದನ್ನೆಲ್ಲ ನೋಡಿಯೂ ನೋಡದಂತೆ ಇದ್ದರು, ಅಟ್ಟದ ಪ್ರಸಂಗ ನಡೆಯುವವರೆಗೆ.

ನಮ್ಮ ಕಡೆ ಕಾಯಿಯನ್ನು ಕಿತ್ತು ತಂದು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ ತಿರುಳು ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಂಡಾಗ, ಕಾಯಿ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಅದನ್ನು ಸುಲಿದು ಒಡೆಯಬೇಕು. ಯಾವುದು ಗಡಗಡ, ಯಾವುದು ಇನ್ನೂ ಗಳಗಳ, ಯಾವುದು ಸದ್ದೇ ಇಲ್ಲ ಎಂದು ಅಪ್ಪ ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಮೂರು ರಾಶಿ ಮಾಡಿದ್ದರು. ನಾಲ್ಕು ದಿನದ ಕೆಲಸ. ಐದನೆಯ ದಿನ ಅವರು ಮಾರುಕಟ್ಟೆಗೆ ಹೋಗಿದ್ದಾಗ ಭಾವ ಕಾಲೇಜಿನ ಆರು ಮಂದಿಯನ್ನು ಕರೆದುಕೊಂಡು ಬಂದರು. ಪ್ರೌಢ ವಿದ್ಯಾರ್ಥಿಗಳು!

"ನೋಡ್ರಪ್ಪಾ, ಮಾವಿನಕಾಯಿ ಮಾಗಿದ್ರೆ ಹಣ್ಣು. ಬಾಳೆಕಾಯಿ ಮಾಗಿದ್ರೆ ಹಣ್ಣು. ತೆಂಗಿನಕಾಯಿ ಎಷ್ಟು ಬಲಿತರೂ ಕಾಯೇ. ಆಮೇಲೆ ಒಂದೇ ಏಟಿಗೆ ಕೊಬ್ಬರಿ! ಯಾಕೆ ಇದಕ್ಕೆ ಹಣ್ಣಾಗೋ ಭಾಗ್ಯ ಇಲ್ಲ?"

ಪ್ರೌಢ ವಿದ್ಯಾರ್ಥಿಗಳು ತಲೆ ಕೆರೆದುಕೊಂಡರು. ಕಾಯಿ ಸುಲಿಯುತ್ತಿದ್ದ ಆಳು ಬೆವರು ಒರೆಸಿಕೊಳ್ಳುತ್ತಾ, "ಹಣ್ಣಾದ್ರೆ ನಮ್ಮಂತೋರು ಸುಲಿಯೋದ್ಯಾಕೆ ಸೋಮಿ? ಹಂಗೇ ಕಚ್ಕಂಡು ತಿನ್ನಾಕಿಲ್ವಾ?" ಎಂದ.

"ಭೇಷ್!" ಎಂದು ಭಾವ ಕುಣಿದರು. "ಜನರ ಮನಸ್ಸಲ್ಲಿ ಹಣ್ಣು ಅಂದ್ರೆ ಹಲ್ಲಿಗೆ ಸಿಗೋದು. ಹಣ್ಣು ಅನ್ನೋ ಗುಂಪಿಗೆ ಒಂದು ನಡುಮನೆ ಇರುತ್ತೆ. ನಡುಮನೇಲಿ ಬಾಳೆಹಣ್ಣು ಕೂತಿರುತ್ತೆ, ಹುಣಸೆಹಣ್ಣು ಜಗಲಿ ಮೇಲಿರುತ್ತೆ. ಈಗ ನೀವು ಒಂದು ಕೆಲಸ ಮಾಡಿ. ಇಲ್ಲಿರೋದ್ರಲ್ಲಿ 'ತೆಂಗಿನಕಾಯಿ' ಅಂದ ತಕ್ಷಣ ನಿಮ್ಮ ಕಣ್ಮುಂದೆ ಬರೋ ಅಂಥ ಕಾಯಿಗಳನ್ನ ಒಂದು ಕಡೆ ಹಾಕಿ, ಅಷ್ಟೇನೂ ಅಲ್ಲದ್ದನ್ನ ಇನ್ನೊಂದು ಕಡೆ ಹಾಕಿ."

ಹಾಕಿದರು! ಮೂರೂ ರಾಶಿಯಿಂದ ಆರಿಸಿ ಆರಿಸಿ ಹಾಕಿದರು. ಅಪ್ಪ ಬರುವ ಹೊತ್ತಿಗೆ ಪ್ರೌಢ ವಿದ್ಯಾರ್ಥಿಗಳು ನನ್ನ ತಾಯಿ ಕೊಟ್ಟ ಮಜ್ಜಿಗೆ ಕುಡಿದು ಹೊರಟುಹೋಗಿದ್ದರು. ಅಪ್ಪ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಡಗಡ. ಅದರ ಪಕ್ಕದ್ದು ಎತ್ತಿದರು. ಗಳಗಳ. ಅದರ ಪಕ್ಕದ್ದು ತುಟಿಪಿಟಕ್ಕೆನ್ನಲಿಲ್ಲ. ಮೂರನ್ನೂ ಮೆಲ್ಲಗೆ ಕೆಳಗಿಟ್ಟು, ಎದುರಿಗೇ ನಿಂತಿದ್ದ ಅಳಿಯನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಲೇ, ನಿಮ್ಮ ಭಾವಂಗೆ ಹೇಳು. ಈ ಜನ್ಮದಾಗೆ ಇನ್ನು ನಾನು ಅವರ ಕೂಡೆ ಮಾತಾಡಾಕಿಲ್ಲ."

"ಜನ್ಮದಾಗೆ," ಎಂದರು ಭಾವ ಮೆಲ್ಲಗೆ. "ಜನ್ಮ ಅನ್ನೋದು ಒಂದು ಪಾತ್ರೆ, ಅದರೊಳಗೆ..."

ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದೆ.

ಅಪ್ಪ ಆಡಿದಂತೆ ನಡೆದುಕೊಂಡರು. ಒಂದೇ ಸಾಲಿನಲ್ಲಿ ಊಟಕ್ಕೆ ಕೂತರೂ, "ಸಾರು ಬೇಕಾ ಕೇಳು ನಿಮ್ಮ ಭಾವನ್ನ" ಎಂದು ನನ್ನ ಮೂಲಕ ವ್ಯವಹಾರ. ನಾನು ಕೇಳಬೇಕು, ಅವರು 'ಬೇಡ' ಎನ್ನಬೇಕು, ಆ 'ಬೇಡ'ವನ್ನು ನಾನು ಮತ್ತೆ ಅಪ್ಪನಿಗೆ ಒಪ್ಪಿಸಬೇಕು. ಅವರಿಬ್ಬರಿಗೂ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು ಎಂಬುದನ್ನು ತಾವು ಮರೆಯಬಾರದು!

ಇದರ ನಡುವೆ ನನಗೆ ಹೆಣ್ಣು ನೋಡಲು ಚಿಕ್ಕನಾಯಕನಹಳ್ಳಿಗೆ ಹೋದೆವು. ಭಾವನನ್ನು ಬಿಟ್ಟು ಹೋಗೋಣವೆಂದರೆ ಅಕ್ಕ ಬಿಡಲಿಲ್ಲ. "ಬಾಯಿ ಬಿಡಬಾರದು" ಎಂದು ಬಸ್ಸಿನಲ್ಲೇ ಅವರಿಂದ ಮಾತು ತೆಗೆದುಕೊಂಡಳು. ಹುಡುಗಿಯ ಮನೆಯವರು ಬಟ್ಟೆ ಅಂಗಡಿ ಇಟ್ಟಿದ್ದವರು, ಮರ್ಯಾದಸ್ಥರು. ಹುಡುಗಿ ಉಪ್ಪಿಟ್ಟು ತಂದು ಕೊಟ್ಟು ಚಾಪೆಯ ತುದಿಯಲ್ಲಿ ಕೂತಳು. ನಾನು ಕದ್ದು ನೋಡಿದೆ. ಚೆನ್ನಾಗಿದ್ದಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಹುಡುಗಿಯ ಅಮ್ಮ, "ನಮ್ಮುಡ್ಗಿ ಕೆಲಸದಾಗೆ ಚುರುಕು. ಒಸಿ ಸಿಟ್ಟು ಬತ್ತದೆ ಅಷ್ಟೇಯ" ಎಂದುಬಿಟ್ಟರು.

ಸಿಟ್ಟು ಎಂಬ ಪದ ಕಿವಿಗೆ ಬಿದ್ದರೆ ಮೂರನೆಯ ಅಧ್ಯಾಯದ ಕರ್ತೃ ಸುಮ್ಮನಿರುತ್ತಾರೆಯೇ! ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು.

"ಏನಮ್ಮಾ, ಸಿಟ್ಟು ಬರುತ್ತಾ ನಿನಗೆ?"

"ಬರುತ್ತೆ," ಎಂದಳು ಹುಡುಗಿ, ತಲೆ ತಗ್ಗಿಸಿಕೊಂಡೇ.

"ಎಲ್ಲಿಂದ ಬರುತ್ತೆ?"

ಅಕ್ಕ ಕಣ್ಣು ಮುಚ್ಚಿಕೊಂಡಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಮುಖ ಹುದುಗಿಸಲು ಜಾಗ ಹುಡುಕಿದೆ. ಹುಡುಗಿ ತಲೆ ಎತ್ತಿ ಭಾವನವರನ್ನು ನೇರವಾಗಿ ನೋಡಿದಳು.

"ಸಾಮಾನ್ಯವಾಗಿ ಎದುರಿಗೆ ಕೂತಿರೋರ ಕಡೆಯಿಂದ."

ತಕ್ಷಣ ಒಂದು ದೊಡ್ಡ ಸದ್ದು ಕೇಳಿತು. ಅಪ್ಪ ನಗುತ್ತಿದ್ದರು! ನನಗೆ ಬುದ್ಧಿ ಬಂದಾಗಿನಿಂದ ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, "ಇದೇ ಹುಡ್ಗಿ ಆಗ್ಲಿ. ನಮ್ಮನೇಗೆ ಇಂತೋಳೇ ಬೇಕು" ಎಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ಇದರ ಶ್ರೇಯಸ್ಸು ತಮ್ಮದೇ ಎಂದು ಭಾವ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅಲ್ಲ ಎನ್ನುವುದು ಹೇಗೆ?

ಮದುವೆಯಾದ ಮಾರನೆಯ ವರ್ಷ, ಮಾವ ಅಳಿಯರ ಮಾತು ಇನ್ನೂ ನನ್ನ ಮೂಲಕವೇ ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ, ಅಪ್ಪ ಅಂಗಳದಲ್ಲಿ ನಿಂತವರು ನಿಂತಂತೆಯೇ ಕುಸಿದರು. ಲಕ್ವ ಹೊಡೆದಿತ್ತು. ತುಮಕೂರಿನ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಬಲಗೈ ಹೋಯಿತು. ಜೊತೆಗೆ ಮಾತೂ ಹೋಯಿತು ಎಂದುಕೊಂಡೆವು. ಆದರೆ ಮನೆಗೆ ಬಂದ ಮೇಲೆ ಆದದ್ದು ಅದಕ್ಕಿಂತ ಕಷ್ಟದ್ದು. ಮಾತು ಬಂತು, ಬಂದದ್ದೆಲ್ಲ ಬೇರೆಯ ಮಾತು! ನೀರು ಬೇಕಾದರೆ 'ಚೊಂಬು' ಎನ್ನುವರು. ಕಿಟಕಿಗೆ 'ಬಾಗಿಲು'. ನನ್ನ ತಾಯಿಯನ್ನು 'ಅಕ್ಕ' ಎಂದು ಕರೆದರು, ನನ್ನನ್ನು 'ತಮ್ಮ' ಎಂದರು. ನೋಡಲು ಬಂದ ನೆಂಟರು ಹೊಸ್ತಿಲಲ್ಲೇ ನಿಂತು, "ಅಯ್ಯೋ, ತಲೆ ಕೆಟ್ಟೋಗದೆ ಕಣಪ್ಪ ಯಜಮಾನ್ರಿಗೆ" ಎಂದು ಪಿಸುಗುಟ್ಟುವರು. ಕೆಂಕೆರೆಯಿಂದ ಬಂದಿದ್ದ ಒಬ್ಬ ಹಿರಿಯರು ತಾಯಿತ ಕಟ್ಟಿಸಿ ಎಂದರು. ಎಲ್ಲವೂ ಅಪ್ಪನಿಗೆ ಕೇಳಿಸುತ್ತಿತ್ತು, ತಿಳಿಯುತ್ತಿತ್ತು. ಅವರ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ತಾವು ಹೇಳಬೇಕೆಂದದ್ದು ಒಂದು, ಬಾಯಿಂದ ಹೊರಟದ್ದು ಇನ್ನೊಂದು ಎಂಬುದು ಅರಿವಾಗಿ ಅವರು ಎಡಗೈಯಿಂದ ಮಂಚ ಗುದ್ದುವರು. ನಾಲ್ಕು ದಿನದಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟರು.

ಆಶ್ಚರ್ಯವೆಂದರೆ ಆ ನಾಲ್ಕು ದಿನವೂ ನಮ್ಮ ಭಾವ ಒಂದು ಮಾತೂ ಆಡಿರಲಿಲ್ಲ. ಮಂಚದ ಕಾಲದೆಸೆಯಲ್ಲಿ ಕುರ್ಚಿ ಹಾಕಿಕೊಂಡು ಅಪ್ಪನನ್ನೇ ನೋಡುತ್ತಾ ಕೂತಿದ್ದರು.

ಐದನೆಯ ದಿನ ಮಧ್ಯಾಹ್ನ ಅಪ್ಪ ಇದ್ದಕ್ಕಿದ್ದಂತೆ ಚಡಪಡಿಸತೊಡಗಿದರು. "ಅಕ್ಕಿಗೆ ಕಂಬ್ಳಿ! ಅಕ್ಕಿಗೆ ಕಂಬ್ಳಿ!" ಎಂದು ಕೂಗಿದರು. ಅಮ್ಮ ಓಡಿಬಂದು ಕಂಬಳಿ ಹೊದಿಸಿದರು. ಅಪ್ಪ ಅದನ್ನು ಕಿತ್ತೆಸೆದರು. ನನ್ನ ಹೆಂಡತಿ ಒಂದು ಮೊರದಲ್ಲಿ ಅಕ್ಕಿ ತಂದು ತೋರಿಸಿದಳು. ಮೊರವನ್ನೂ ನೂಕಿದರು. "ಅಕ್ಕಿಗೆ ಕಂಬ್ಳಿ" ಎನ್ನುತ್ತಾ ಅಳತೊಡಗಿದರು. ನನಗೆ ನೋಡಲಾಗಲಿಲ್ಲ. "ತಾಯಿತ ಆದ್ರೂ ಕಟ್ಟಿಸೋಣ ಅಮ್ಮಾ" ಎಂದೆ.

"ಸುಮ್ನಿರಯ್ಯ!" ಎಂದರು ಭಾವ. ಅವರು ನನ್ನ ಮೇಲೆ ರೇಗಿದ್ದು ಅದೇ ಮೊದಲು. "ಮಾವನಿಗೆ ಬುದ್ಧಿ ಎಲ್ಲೂ ಹೋಗಿಲ್ಲ. ಬೇಕಾದ ಪದದ ಮನೆ ಬಾಗಿಲು ತೆಗೀತಾ ಇಲ್ಲ, ಪಕ್ಕದ ಮನೆ ಬಾಗಿಲು ತಟ್ತಾ ಇದಾರೆ ಅಷ್ಟೆ. ನೀರು ಅನ್ನೋಕೆ ಚೊಂಬು. ಹೆಂಡ್ತಿ ಅನ್ನೋಕೆ ಅಕ್ಕ. ಪಕ್ಕದ್ದೇ ತಾನೇ? ಈಗ ಅಕ್ಕಿ. ಅಕ್ಕಿ ಪಕ್ಕ ಏನಿದೆ? ಮನೆಯ ಬೆಳೆ, ಚೀಲಕ್ಕೆ ತುಂಬೋದು, ಬಿಸಿಲಿಗೆ ಹರವೋದು, ಬೆಳ್ಳಗಿರೋದು. ಕಂಬಳಿ ಪಕ್ಕ ಏನಿದೆ? ಹೊದಿಸೋದು, ದಪ್ಪ..." ಅವರು ಅಪ್ಪನ ಮುಖ ನೋಡಿದರು. ಅಪ್ಪ ಮೂಗು ಅರಳಿಸಿ ಕಿಟಕಿಯ ಕಡೆ ನೋಡುತ್ತಿದ್ದರು. "ಅಯ್ಯೋ! ಕೊಬ್ಬರಿಗೆ ಟಾರ್ಪಾಲು ಹೊದಿಸ್ರೋ!"

ಅಂಗಳಕ್ಕೆ ಓಡಿದೆವು. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾದ ಕೊಬ್ಬರಿ ಪೂರಾ ಅಲ್ಲಿ ಹರವಿತ್ತು. ಆಕಾಶ ಅಷ್ಟೇನೂ ಕಪ್ಪಾಗಿರಲಿಲ್ಲ, ಆದರೆ ಮಣ್ಣಿನ ವಾಸನೆ ತೇಲಿಬಂದಿತ್ತು. ನಾನು, ಭಾವ, ಅಕ್ಕ, ನನ್ನ ಹೆಂಡತಿ ನಾಲ್ಕು ಮೂಲೆ ಹಿಡಿದು ಟಾರ್ಪಾಲು ಎಳೆದು ಕಲ್ಲು ಹೇರುವುದಕ್ಕೂ ಮಳೆ ಹನಿ ಬೀಳುವುದಕ್ಕೂ ಸರಿಹೋಯಿತು. ತೊಪ್ಪೆಯಾಗಿ ಒಳಗೆ ಬಂದಾಗ ಅಪ್ಪ ದಿಂಬಿಗೆ ಒರಗಿ ಶಾಂತವಾಗಿ ಕೂತಿದ್ದರು. ಎಡಗೈ ಎತ್ತಿ ಯಾರನ್ನೋ ಹತ್ತಿರ ಕರೆದರು. ನಾನು ಮುಂದೆ ಹೋದೆ. ಕೈ ಅಡ್ಡಡ್ಡ ಆಡಿಸಿದರು, ನನ್ನನ್ನಲ್ಲ. ನನ್ನ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದ ಭಾವನನ್ನು.

ಆವತ್ತಿನಿಂದ ನಮ್ಮ ಮನೆಯಲ್ಲಿ ಹೊಸ ಪಾಠಶಾಲೆ ಶುರುವಾಯಿತು. ಅಲ್ಲಿಗೆ ನಮ್ಮ ಕಷ್ಟ ತೀರಿತು ಎಂದುಕೊಂಡಿರಾ? ಹೆಚ್ಚಾಯಿತು! ಪ್ರವೇಶಿಕೆ ಮೂಲೆ ಸೇರಿತು, ಭಾವ ಬೆಳಿಗ್ಗೆ ಒಂದು ಗಂಟೆ, ಕಾಲೇಜಿನಿಂದ ಬಂದು ಎರಡು ಗಂಟೆ ಅಪ್ಪನ ಎದುರಿಗೆ ಕೂತರು. ಒಂದು ಮಂಕರಿಯಲ್ಲಿ ಅಡುಗೆಮನೆಯ ಸಾಮಾನು, ಇನ್ನೊಂದರಲ್ಲಿ ತೋಟದ ಸಾಮಾನು. ಸೌಟು ಹುಡುಕಿದರೆ ಸಿಗುವುದಿಲ್ಲ, ಕುಡುಗೋಲು ಕೇಳಿದರೆ "ಪಾಠ ನಡೀತಿದೆ". ಅದಕ್ಕಿಂತ ಮಿಗಿಲಾಗಿ ಅವರೊಂದು ಕಾನೂನು ಮಾಡಿದರು: ಮಾವನಿಗೆ ಯಾರೂ ಪದ ಎತ್ತಿ ಕೊಡಬಾರದು! ಅವರೇ ಹುಡುಕಿಕೊಳ್ಳಬೇಕು.

ಒಂದು ದಿನ ಸಾರಿಗೆ ಉಪ್ಪು ಹಾಕುವುದು ಮರೆತುಹೋಗಿತ್ತು. ಅಪ್ಪ ಬಾಯಿಗಿಟ್ಟವರೇ ಮುಖ ಕಿವುಚಿ, "ಸಕ್ಕರೆ... ಸುಣ್ಣ..." ಎಂದರು. ಅಮ್ಮ ಉಪ್ಪಿನ ಮರಿಗೆಗೆ ಕೈ ಹಾಕಿದರು.

"ಅತ್ತೆ, ಬೇಡಿ! ಪದ ಹತ್ತಿರ ಬಂದಿದೆ."

"ಸಾರು ಆರೋಯ್ತದೆ ಅಳಿಯಂದ್ರೇ!"

"ಆರಲಿ. ಯಾರೂ ಹಾಕ್ಕೋಬೇಡಿ. ಎಲ್ಲರೂ ಸಪ್ಪೆನೇ ತಿನ್ನಿ. ಮಾವ, ಬೆಳ್ಳಗೆ ಇರುತ್ತೆ, ನೀರಲ್ಲಿ ಕರಗುತ್ತೆ, ಇಲ್ದಿದ್ರೆ ಊಟ ಸೇರಲ್ಲ. ಏನದು?"

ಐದು ಜನ ಸಪ್ಪೆ ಸಾರಿನಲ್ಲಿ ಮುದ್ದೆ ಅದ್ದಿಕೊಂಡು ಅಪ್ಪನ ತುಟಿಯನ್ನೇ ನೋಡುತ್ತಾ ಕೂತೆವು. ಅಪ್ಪನ ಹಣೆಯಲ್ಲಿ ಬೆವರು. ಅಕ್ಕ ಗಂಡನನ್ನು ನೋಡಿ ಹಲ್ಲು ಕಡಿದಳು. ನನ್ನ ಹೆಂಡತಿ ನನ್ನ ಕಿವಿಯಲ್ಲಿ, "ರೀ, ಇನ್ನು ಐದು ನಿಮಿಷ ನೋಡಿ ನಾನೇ ಕೂಗ್ಬಿಡ್ತೀನಿ" ಎಂದಳು. ಅಷ್ಟರಲ್ಲಿ ಅಪ್ಪ ಮುಷ್ಟಿ ಬಿಗಿದು, "ಉಪ್ಪು!" ಎಂದರು. "ಉಪ್ಪು, ಉಪ್ಪು, ಉಪ್ಪು!" ಹಿಂದೆಲ್ಲ ಮಾರುಕಟ್ಟೆಯ ಕೊಬ್ಬರಿ ಹರಾಜಿನಲ್ಲಿ ಕೂಗುತ್ತಿದ್ದ ಅದೇ ದೊಡ್ಡ ಗಂಟಲು! ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಭಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾರಿಗೆ ಉಪ್ಪು ಹಾಕುವುದನ್ನು ಮಾತ್ರ ಎಲ್ಲರೂ ಮರೆತೆವು!

ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಭಾವನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಎಡಗಡೆ ಹೇಳಬೇಕಾದ ಪದ, ಬಲಗಡೆ ಅಪ್ಪ ಆಡಿದ ಪದ. ಸರಿಹೋದದ್ದನ್ನು ಕ್ರಮವಾಗಿ ಹೊಡೆದುಹಾಕುತ್ತಿದ್ದರು. ನೀರು ನೀರಾಯಿತು, ಕಿಟಕಿ ಕಿಟಕಿಯಾಯಿತು. ನಾನು ತಮ್ಮನ ಸ್ಥಾನದಿಂದ ಮತ್ತೆ ಮಗನಾದೆ. ಅಮ್ಮ ಮತ್ತೆ ಹೆಂಡತಿಯಾದರು. ಅಪ್ಪ ನಿಧಾನವಾಗಿ, ತಡೆತಡೆದು, ಆದರೆ ತಮಗೆ ಬೇಕಾದ್ದನ್ನು ತಾವೇ ಹೇಳತೊಡಗಿದರು. ಕೊನೆಕೊನೆಗೆ ಪುಟದಲ್ಲಿ ಉಳಿದದ್ದು ಒಂದೇ ಸಾಲು.

ಒಂದು ಸಂಜೆ ಭಾವ ಆ ಪುಟ ತೆರೆದುಕೊಂಡು ಜಗಲಿಯಲ್ಲಿ ಕೂತಿದ್ದರು. ಮುಖ ಬಾಡಿತ್ತು.

"ಇದೊಂದು ಮಾತ್ರ ನನ್ನ ಕೈಲಿ ಆಗ್ಲಿಲ್ಲ ಕಣಯ್ಯ. ನಿನ್ನೆ ಅರಳಗುಪ್ಪೆಯಿಂದ ಬಂದಿದ್ರಲ್ಲ, ಅವರಿಗೆ ನನ್ನನ್ನ ತೋರ್ಸಿ 'ಇವನು ನನ್ನ ಮಗ' ಅಂದ್ರು. ಮೊನ್ನೆ ಡಾಕ್ಟ್ರ ಹತ್ರಾನೂ ಹಾಗೇ ಅಂದ್ರು. ಅಳಿಯ, ಅಳಿಯ ಅಂತ ಎಷ್ಟು ಸಲ ಹೇಳಿಕೊಟ್ಟೆ! ನಾನು ಹೇಳಿದಾಗ ತಲೆ ಆಡಿಸ್ತಾರೆ, ಹೊರಗಿನೋರು ಬಂದ ತಕ್ಷಣ ಮತ್ತೆ ಮಗ. ಅಳಿಯನ ಪಕ್ಕದ ಮನೆ ಮಗನೇ, ತಪ್ಪು ಸಹಜ. ಆದ್ರೆ ಮಿಕ್ಕಿದ್ದೆಲ್ಲಾ ಸರಿಹೋಗಿ ಇದೊಂದು ಯಾಕೆ ಹೋಗ್ಲಿಲ್ಲ?"

ನಾನು ಎದ್ದು ಒಳಗೆ ಹೋದೆ. ಅಪ್ಪ ಮಂಚದ ಮೇಲೆ ಕೂತು ಎಡಗೈಯಲ್ಲೇ ಒಂದು ಕಾಯಿಯ ನಾರು ಬಿಡಿಸುತ್ತಿದ್ದರು.

"ಅಪ್ಪಾ, ಅಕ್ಕನ ಗಂಡ ನಿಮಗೆ ಏನಾಗ್ಬೇಕು?"

"ಅಳಿಯ," ಎಂದರು ಅಪ್ಪ ತಟ್ಟನೆ, ತಲೆಯನ್ನೂ ಎತ್ತದೆ.

"ಮತ್ತೆ ಬಂದೋರ ಹತ್ರ ಎಲ್ಲಾ ಮಗ ಅಂತೀರಂತೆ? ಭಾವ ಒಂದೇ ಸಮ ಕೊರಗ್ತಾ ಕೂತವ್ರೆ."

ಅಪ್ಪ ನಾರನ್ನು ಕೆಳಗೆ ಹಾಕಿದರು. ಒಂದೊಂದೇ ಪದವನ್ನು ಆರಿಸಿ, ತೂಗಿ, ಆಮೇಲೆ ಆಡಿದರು.

"ಅಳಿಯ ಅನ್ನಾಕೆ... ನಂಗೆ ಬತ್ತದೆ ಕಣ್ಲಾ."

ನಾನು ಜಗಲಿಗೆ ಬಂದು ಅದನ್ನು ಹಾಗೆಯೇ ಒಪ್ಪಿಸಿದೆ. ಭಾವ ವಿವರಣೆ ಕೇಳಲಿಲ್ಲ, ಕೊಡಲೂ ಇಲ್ಲ. ಪೆನ್ನು ತೆಗೆದು, ಆ ಕೊನೆಯ ಸಾಲನ್ನು ಹೊಡೆದುಹಾಕಿದರು. ಆಮೇಲೆ ಎದ್ದು ಒಳಗೆ ಹೋದರು. ನನ್ನ ಹೆಂಡತಿ ಇಬ್ಬರಿಗೂ ಕಾಫಿ ಹಿಡಿದುಕೊಂಡು ಹೋದವಳು ಬಾಗಿಲಲ್ಲೇ ನಿಂತು, ಸದ್ದು ಮಾಡದೆ ಹಿಂದಕ್ಕೆ ಬಂದಳು. ಏನೆಂದು ನಾನು ಇಣುಕಿದೆ. ಭಾವ ಮಂಚದ ಅಂಚಿನಲ್ಲಿ ಕೂತು, ಪಕ್ಕಕ್ಕೆ ಜಾರಿದ್ದ ಅಪ್ಪನ ಬಲಗೈಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಒತ್ತುತ್ತಿದ್ದರು. ಆ ಕೈಗೆ ಏನೂ ತಿಳಿಯುತ್ತಿರಲಿಲ್ಲ. ಆದರೂ ಅಪ್ಪ ಕಣ್ಣು ಮುಚ್ಚಿಕೊಂಡು, ಕೂಸಿನ ಹಾಗೆ ಒರಗಿಕೊಂಡಿದ್ದರು.